ಗಣಪಿ, ದುಗ್ಗಿ, ಭಾಗೀರಥಿ: ಘಟ್ಟದ ಮೇಲಿನ ಹೆಣ್ಣುಹೆಸರುಗಳ ಕಥೆ

ಯಲ್ಲಾಪುರ ತಾಲ್ಲೂಕಿನ ಚಂದಗುಳಿಯ ಕಾಡಿನ ನಡುವೆ ಇರುವ ಗಣಪತಿಯನ್ನು ಜನ ಘಂಟೆ ಗಣಪತಿ ಎಂದೇ ಕರೆಯುತ್ತಾರೆ. ಹರಕೆ ಹೊತ್ತವರು ಅಂದುಕೊಂಡದ್ದು ಕೈಗೂಡಿದ ಮೇಲೆ ಬಂದು ಇಲ್ಲಿ ಘಂಟೆ ಕಟ್ಟಿ ಹೋಗುತ್ತಾರೆ. ಮದುವೆ, ಮನೆ, ಆರೋಗ್ಯ, ಮಕ್ಕಳು, ಹೀಗೆ ಹರಕೆಗೆ ಕಾರಣ ಹಲವು. ಈ ಸೀಮೆಯ ಗಣಪತಿಗೆ ಘಂಟೆಯ ಹಾಗೆಯೇ ಸಲ್ಲುತ್ತ ಬಂದ ಇನ್ನೊಂದು ಕಾಣಿಕೆಯಿದೆ. ಅದು ಮಗುವಿನ ಹೆಸರು. ಗಂಡಾದರೆ ಗಣಪತಿ, ಹೆಣ್ಣಾದರೆ ಗಣಪಿ.

ಕನ್ನಡದ ಬೇರೆ ಸೀಮೆಯವರಿಗೆ ಗಣಪಿ ಎಂಬ ಹೆಸರು ವಿಚಿತ್ರವಾಗಿ ಕೇಳೀತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆಯ ಮನೆಗಳಲ್ಲಿ ಅದು ಮಾಮೂಲಿ ಹೆಸರಾಗಿತ್ತು. ಗಣಪಿ ಒಬ್ಬಳೇ ಅಲ್ಲ, ಅವಳಿಗೆ ದೊಡ್ಡ ಬಳಗವೇ ಇದೆ. ಮಂಜುನಾಥನಿಂದ ಮಂಜಿ, ತಿಮ್ಮಪ್ಪನಿಂದ ತಿಮ್ಮಿ ಮತ್ತು ತಿಮ್ಮಕ್ಕ, ವೆಂಕಟರಮಣನಿಂದ ವೆಂಕಮ್ಮ, ಸುಬ್ರಾಯನಿಂದ ಸುಬ್ಬಮ್ಮ, ನಾಗಪ್ಪನಿಂದ ನಾಗಿ. ಶಿರಸಿಯ ಮಂಜುಗುಣಿಯಲ್ಲಿ ವೆಂಕಟರಮಣನಿದ್ದಾನೆ, ಘಟ್ಟ ಇಳಿದರೆ ಇಡಗುಂಜಿ ಮತ್ತು ಗೋಕರ್ಣದಲ್ಲಿ ಗಣಪತಿಯಿದ್ದಾನೆ. ಮನೆ ನಡೆದುಕೊಳ್ಳುವ ದೇವರು ಯಾರೋ ಅವನ ಹೆಸರಿಗೆ ಒಂದು ಇಕಾರವನ್ನೋ ಅಮ್ಮನನ್ನೋ ಅಕ್ಕನನ್ನೋ ಸೇರಿಸಿ ಹೆಣ್ಣುಮಗುವಿಗೆ ಇಟ್ಟರೆ ಆಯಿತು. ಹೆಸರಿನ ಅರ್ಥ ಕೇಳಿದರೆ ಹಳಬರು ಕೊಡುತ್ತಿದ್ದ ಉತ್ತರವೂ ಅಷ್ಟೇ ನೇರ: “ಯಂಗಳ ಮನೆ ದೇವ್ರ ಹೆಸ್ರು.”

ದೇವಿಯರ ಹೆಸರುಗಳ ದಾರಿ ಇನ್ನೂ ಸಲೀಸು. ಸಿದ್ದಾಪುರದ ಭುವನಗಿರಿಯಲ್ಲಿ ಬಿಳಗಿ ಅರಸರ ಕಾಲದ ಭುವನೇಶ್ವರಿಯ ಗುಡಿಯಿದೆ. ಆ ಸೀಮೆಯ ಹಳೆಯ ಮನೆಗಳಲ್ಲಿ ಭುವನೇಶ್ವರಮ್ಮಂದಿರಿಗೆ ಬರವಿರಲಿಲ್ಲ. ಕೊಲ್ಲೂರಿಗೆ ನಡೆದುಕೊಳ್ಳುವವರಲ್ಲಿ ಮೂಕಾಂಬೆ, ಗಡಿಯಾಚೆ ಸೊರಬದ ಚಂದ್ರಗುತ್ತಿಯ ರೇಣುಕೆಯ ಒಕ್ಕಲುಗಳಲ್ಲಿ ಗುತ್ಯಮ್ಮ. ಗುತ್ಯಮ್ಮ ಎಂದರೆ ಗುತ್ತಿಯ ಅಮ್ಮ. ದೇವಿಗೆ ಊರಿನಿಂದ ಬಂದ ಹೆಸರು ದೇವಿಯಿಂದ ಮಗಳಿಗೆ ಇಳಿಯಿತು. ಶಿರಸಿಯಲ್ಲಿ 1689ರಲ್ಲಿ ನೆಲೆಗೊಂಡ ಮಾರಿಕಾಂಬೆಯನ್ನು ಜನ ದೊಡ್ಡಮ್ಮ ಎನ್ನುತ್ತಾರೆ. ಮಾರಕ್ಕ, ಮಾರಿ ಎಂಬ ಹೆಸರುಗಳಲ್ಲಿ ಅವಳ ಭಯವೂ ಭಕ್ತಿಯೂ ಒಟ್ಟಿಗೇ ಇವೆ.

ಗಂಡು ದೇವರ ಹೆಸರನ್ನು ಹೆಣ್ಣಾಗಿಸುವ ಈ ಪದ್ಧತಿ ಎಷ್ಟು ಹಳೆಯದು? ಶಿರಸಿಯಿಂದ ಬಹಳ ದೂರವಿಲ್ಲದ ಬನವಾಸಿಯಲ್ಲಿ ಅದಕ್ಕೊಂದು ಸುಳಿವು ಸಿಗುತ್ತದೆ. 11ನೇ ಶತಮಾನದಲ್ಲಿ ಬನವಾಸಿ ಹನ್ನೆರಡು ಸಾವಿರ ಎಂಬ ದೊಡ್ಡ ನಾಡನ್ನು ಆಳಿದವಳು ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರನ ರಾಣಿ ಮೈಲಲದೇವಿ. 1053ರಲ್ಲಿ ಈ ನಾಡು ಅವಳ ಆಡಳಿತದಲ್ಲಿತ್ತು. ಅವಳ ಹೆಸರಿನಲ್ಲಿ ಮೈಲಾರನ ಸದ್ದು ಕೇಳುತ್ತದೆ. ಅವಳಿಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲು, ರಾಷ್ಟ್ರಕೂಟ ಎರಡನೇ ಕೃಷ್ಣನ ಕಾಲದಲ್ಲಿ, ಇದೇ ನಾಡಿನೊಳಗಿನ ನಾಗರಖಂಡ ಎಪ್ಪತ್ತನ್ನು ಗಂಡ ತೀರಿಹೋದ ಮೇಲೆ ಆಳಿದವಳು ಜಕ್ಕಿಯಬ್ಬೆ. ಜಕ್ಕಿ ಎಂದರೆ ಯಕ್ಷಿ. ಜೈನ ಮನೆತನದ ಹೆಣ್ಣಿಗೆ ಜಿನಶಾಸನದ ಯಕ್ಷಿಯ ಹೆಸರು. ಕೊನೆಯಲ್ಲಿರುವ ಅಬ್ಬೆ ತಾಯಿ. ದಕ್ಷಿಣ ಕನ್ನಡ, ಕಾಸರಗೋಡಿನ ಹವ್ಯಕರ ಮನೆಗಳಲ್ಲಿ ಮಕ್ಕಳು ತಾಯಿಯನ್ನು ಇವತ್ತಿಗೂ ಅಬ್ಬೆ ಎಂದೇ ಕರೆಯುತ್ತಾರೆ. ಶಿರಸಿ ಕಡೆ ಆ ಜಾಗಕ್ಕೆ ಆಯಿ ಬಂದಿದ್ದಾಳೆ.

ಬನವಾಸಿಯಲ್ಲಿ ಇದಕ್ಕಿಂತಲೂ ಹಳೆಯ ಹೆಣ್ಣುಹೆಸರೊಂದು ಕಲ್ಲಿನ ಮೇಲಿದೆ. ಮಧುಕೇಶ್ವರ ದೇವಸ್ಥಾನದಲ್ಲಿರುವ ಹೆಡೆಯೆತ್ತಿದ ನಾಗರಕಲ್ಲಿನ ಅಂಚಿನಲ್ಲಿ ಬ್ರಾಹ್ಮಿ ಲಿಪಿಯ, ಪ್ರಾಕೃತ ಭಾಷೆಯ ಬರಹ. ಕದಂಬರಿಗಿಂತ ಮೊದಲು ಇಲ್ಲಿ ಆಳಿದ ಚುಟು ವಂಶದ ಅರಸನ ಮಗಳು ನಾಗಪ್ರತಿಮೆಯನ್ನೂ ಕೆರೆಯನ್ನೂ ವಿಹಾರವನ್ನೂ ದಾನ ಕೊಟ್ಟಳು ಎಂಬುದು ಅದರ ಸಾರ. ಅವಳ ಹೆಸರು ಶಿವಸ್ಕಂದ ನಾಗಶ್ರೀ, ಪ್ರಾಕೃತದ ಉಚ್ಚಾರದಲ್ಲಿ ನಾಗಸಿರಿ. ಅವಳಿಗೂ ಇಂದಿನ ಮಲೆನಾಡಿನ ನಾಗವೇಣಿ, ನಾಗರತ್ನ, ನಾಗಿಯರಿಗೂ ನಡುವೆ ಸಾವಿರದ ಏಳುನೂರು ವರ್ಷವಾದರೂ ಕಳೆದಿದೆ. ನಾಗನ ಬನಕ್ಕೆ ಹಾಲೆರೆಯುವ ಈ ನೆಲದಲ್ಲಿ ಹೆಸರೂ ಉಳಿದುಕೊಂಡಿದೆ. ಅದೇ ಶಾಸನದಲ್ಲಿ ಅರಸನನ್ನು ಹಾರೀತಿಪುತ್ರ, ಅಂದರೆ ಹಾರೀತಿಯ ಮಗ ಎಂದು ಕರೆದಿದೆ. ತಂದೆ ತನ್ನ ತಾಯಿಯಿಂದ ಗುರುತಿಸಿಕೊಂಡಿದ್ದಾನೆ, ಮಗಳು ತನ್ನದೇ ಹೆಸರಿನಲ್ಲಿ ದಾನ ಕೊಟ್ಟಿದ್ದಾಳೆ. ಮುಂದಿನ ಶತಮಾನಗಳಲ್ಲಿ ಹೆಣ್ಣಿನ ಹೆಸರಿಗೆ ಇಂಥ ಜಾಗ ಸಿಕ್ಕಿದ್ದು ಕಡಿಮೆ.

ಶಾಸ್ತ್ರಗಳು ಹೆಣ್ಣಿನ ಹೆಸರಿನ ಬಗ್ಗೆ ಸುಮ್ಮನಿರಲಿಲ್ಲ. ಗೃಹ್ಯಸೂತ್ರಗಳ ಪ್ರಕಾರ ಗಂಡಿನ ಹೆಸರಿಗೆ ಸಮಸಂಖ್ಯೆಯ ಅಕ್ಷರ, ಹೆಣ್ಣಿನ ಹೆಸರಿಗೆ ಬೆಸಸಂಖ್ಯೆಯ ಅಕ್ಷರ. ಮನುಸ್ಮೃತಿಯ ಎರಡನೇ ಅಧ್ಯಾಯದಲ್ಲಿ ಹೆಣ್ಣಿನ ಹೆಸರು ಉಚ್ಚರಿಸಲು ಸುಲಭವಾಗಿರಬೇಕು, ಕ್ರೂರವಾಗಿರಬಾರದು, ಮಂಗಳಕರವಾಗಿ ದೀರ್ಘಸ್ವರದಲ್ಲಿ ಮುಗಿಯಬೇಕು ಎಂದಿದೆ. ಮೂರನೇ ಅಧ್ಯಾಯಕ್ಕೆ ಬಂದರೆ ಬೇರೆಯದೇ ಎಚ್ಚರಿಕೆ. ನಕ್ಷತ್ರ, ಮರ, ನದಿ, ಬೆಟ್ಟ, ಹಕ್ಕಿ, ಹಾವು ಇವುಗಳ ಹೆಸರಿರುವ ಹೆಣ್ಣನ್ನು ಮದುವೆಯಾಗಬಾರದು ಎಂದು ಅಲ್ಲಿ ಹೇಳಿದೆ.

ಆ ಮಾತನ್ನು ಮಲೆನಾಡು ಕೇಳಿದ್ದರೆ ಅರ್ಧಕ್ಕರ್ಧ ಮದುವೆಗಳು ನಿಂತೇ ಹೋಗುತ್ತಿದ್ದವು. ವೇದ ಓದಿದ, ಮಂತ್ರ ಹೇಳುವ ಮನೆಗಳಲ್ಲೇ ಅಜ್ಜಿಯರ ಹೆಸರು ಗಂಗೆ, ಭಾಗೀರಥಿ, ಯಮುನೆ, ಗೋದಾವರಿ, ಕಾವೇರಿ, ನರ್ಮದೆ. ರೋಹಿಣಿ, ರೇವತಿಯರು ನಕ್ಷತ್ರಗಳು. ತುಳಸಿ ಗಿಡ. ನಾಗಿ ಹಾವು. ಶಾಸ್ತ್ರದ ಪುಸ್ತಕ ಒಂದು ಕಡೆ, ತಾಯಂದಿರ ಬಯಕೆ ಇನ್ನೊಂದು ಕಡೆ ನಿಂತಾಗ ಗೆದ್ದದ್ದು ಬಯಕೆಯೇ.

ನದಿಯ ಹೆಸರುಗಳ ಬಗ್ಗೆ ಸ್ವಲ್ಪ ಹೊತ್ತು ನಿಂತು ಯೋಚಿಸಬೇಕು. ಈ ಮೂರು ತಾಲ್ಲೂಕುಗಳಲ್ಲಿ ನೀರಿಗೆ ಕೊರತೆಯಿಲ್ಲ. ಅಘನಾಶಿನಿ ಶಿರಸಿಯಲ್ಲೇ ಹುಟ್ಟುತ್ತಾಳೆ. ವರದೆ ಬನವಾಸಿಯನ್ನು ಬಳಸಿ ಹರಿಯುತ್ತಾಳೆ. ಶಾಲ್ಮಲಾ ಸೋಂದೆಯ ಹತ್ತಿರ ಸಹಸ್ರಲಿಂಗಗಳನ್ನು ತೊಳೆದು ಮುಂದೆ ಬೇಡ್ತಿಯನ್ನು ಸೇರುತ್ತಾಳೆ. ಸಿದ್ದಾಪುರದ ಅಂಚಿನಲ್ಲಿ ಶರಾವತಿ ಜೋಗಕ್ಕೆ ಧುಮುಕುತ್ತಾಳೆ. ಇವರಲ್ಲಿ ಹಳಬರು ಮಕ್ಕಳಿಗೆ ಇಟ್ಟ ಹೆಸರೆಂದರೆ ಹೆಚ್ಚಾಗಿ ಶರಾವತಿ ಮಾತ್ರ. ಮನೆಯ ಹಿಂದಿನ ಹೊಳೆಯ ಹೆಸರು ಬಿಟ್ಟು ಕಾಣದ ಗೋದಾವರಿಯ ಹೆಸರನ್ನು ಆರಿಸಿದ್ದೇಕೆ? ಕಾಶಿಯಾತ್ರೆ ಬದುಕಿನಲ್ಲಿ ಒಮ್ಮೆ ಕೂಡಿಬಂದರೆ ಭಾಗ್ಯ ಎನ್ನುವ ಕಾಲ ಅದು. ಹೆಂಗಸರಿಗೆ ಆ ಭಾಗ್ಯ ಇನ್ನೂ ದುರ್ಲಭ. ಸ್ನಾನದ ಮಂತ್ರದಲ್ಲಿ ಗಂಗೆ, ಯಮುನೆ, ಗೋದಾವರಿ, ನರ್ಮದೆ, ಕಾವೇರಿಯರನ್ನು ಬಾವಿಯ ನೀರಿಗೇ ಕರೆದ ಹಾಗೆ, ಹೋಗಲಾಗದ ತೀರ್ಥಗಳನ್ನು ಮಕ್ಕಳ ಹೆಸರಿನಲ್ಲಿ ಜಗುಲಿಗೇ ಕರೆದುಕೊಂಡರು ಎನ್ನಬಹುದು. ದಿನಕ್ಕೆ ಹತ್ತು ಸಲ “ಭಾಗೀರಥೀ” ಎಂದು ಕೂಗಿದರೆ ಅದೂ ಪುಣ್ಯವೇ ಎಂಬ ನಂಬಿಕೆಯನ್ನು ತೆಗೆದುಹಾಕುವಂತಿಲ್ಲ.

ಪೂರ್ತಿ ಹೆಸರನ್ನು ಕೂಗಿದ್ದು ಮಾತ್ರ ಕಡಿಮೆ. ಭಾಗೀರಥಿ ಭಾಗಿಯಾದಳು, ಗೋದಾವರಿ ಗೋದೆಯಾದಳು, ಪಾರ್ವತಿ ಪಾರತಿಯಾದಳು, ಸರಸ್ವತಿ ಸರಸುವಾದಳು, ದುರ್ಗೆ ದುಗ್ಗಿಯಾದಳು, ಲಕ್ಷ್ಮಿ ಲಚ್ಚಿಯಾದಳು. ಲಚ್ಚಿಯನ್ನು ಅಪಭ್ರಂಶ ಎಂದು ತಳ್ಳಿಹಾಕುವವರು ಶಾಸನಗಳನ್ನು ನೋಡಬೇಕು. ಚಾಲುಕ್ಯರ ಕಾಲದ ರಾಣಿಯೊಬ್ಬಳು ಲಚ್ಚಲದೇವಿ. ಅರಮನೆಯಲ್ಲಿ ಸಂದ ರೂಪವೇ ಅಡಕೆ ತೋಟದ ಮನೆಯಲ್ಲೂ ಉಳಿದು ಬಂದಿದೆ.

ಹವ್ಯಕರ ಮನೆಗಳಲ್ಲಿ ಹೆಸರಿಡುವ ಶಾಸ್ತ್ರ ಅಮೆ, ಅಂದರೆ ಹೆರಿಗೆಯ ಸೂತಕ, ಕಳೆಯುವ ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ. ಹರಿವಾಣದಲ್ಲಿ ಅಕ್ಕಿ ಹರವಿ, ಚಿನ್ನದ ಉಂಗುರದಿಂದ ಹೆಸರು ಬರೆದು, ಮಗುವಿನ ಕಿವಿಯಲ್ಲಿ ಉಸುರುತ್ತಾರೆ. ಹುಟ್ಟಿದ ನಕ್ಷತ್ರದ ಪಾದಕ್ಕೆ ಹೊಂದುವ ಅಕ್ಷರದ ಹೆಸರೊಂದು, ತಿಂಗಳಿಗೆ ಸಂಬಂಧಿಸಿದ ಹೆಸರೊಂದು, ವ್ಯವಹಾರದ ಹೆಸರೊಂದು. ಮೊದಲಿನವು ಜಾತಕದಲ್ಲಿ, ಸಂಕಲ್ಪದಲ್ಲಿ ಉಳಿಯುತ್ತವೆ. ವ್ಯವಹಾರದ ಹೆಸರಿಗೆ ಅಜ್ಜಿಯರ ಹಕ್ಕು ಮೊದಲು. ತಂದೆಯ ತಾಯಿಯೋ ತಾಯಿಯ ತಾಯಿಯೋ ಮೊಮ್ಮಗಳಾಗಿ ಮರಳಿ ಬಂದಳು ಎಂಬ ಭಾವನೆ ಅದರ ಹಿಂದಿದೆ.

ತೊಡಕು ಶುರುವಾಗುವುದು ಇಲ್ಲಿಯೇ. ಸೊಸೆ ಅತ್ತೆಯ ಹೆಸರು ಹಿಡಿದು ಕರೆಯುವಂತಿಲ್ಲ. ಹೆತ್ತ ಮಗುವಿಗೆ ಅದೇ ಹೆಸರಿಟ್ಟ ಮೇಲೆ ಅವಳು ತನ್ನ ಮಗಳನ್ನು ಕೂಗುವುದಾದರೂ ಹೇಗೆ? ಅದಕ್ಕೆ ಮನೆಗಳು ಕಂಡುಕೊಂಡ ದಾರಿ ಕರೆಯುವ ಹೆಸರು. ಕೂಸು, ಅಮ್ಮಿ, ಪುಟ್ಟಿ, ತಂಗಿ, ಸಣ್ಣಕ್ಕ. ಕೂಸು ಎಂದರೆ ಈ ಸೀಮೆಯ ಹವ್ಯಕರಲ್ಲಿ ಹೆಣ್ಣುಮಗು, ಗಂಡು ಮಾಣಿ. ಮದುವೆಯ ಮಾತುಕತೆಯ ತನಕ ಕೂಸಾಗಿಯೇ ಇದ್ದ ಹುಡುಗಿಯರು ಎಷ್ಟೋ.

ಮದುವೆಯಾದ ಮೇಲೆ ಹೆಸರು ಇನ್ನಷ್ಟು ಹಿಂದಕ್ಕೆ ಸರಿಯುತ್ತಿತ್ತು. ಕೊಂಕಣಿ ಮನೆಗಳಲ್ಲಿ ಮದುಮಗಳಿಗೆ ಗಂಡನ ಮನೆಯವರು ಹೊಸ ಹೆಸರಿಡುವುದು ಮದುವೆಯ ಶಾಸ್ತ್ರದಲ್ಲೇ ಸೇರಿತ್ತು. ಅಕ್ಕಿಯ ಮೇಲೆ ಬೆರಳು ಹಿಡಿಸಿ ಹೆಸರು ಬರೆಸಿದರೆ ತವರಿನ ಹೆಸರು ಅಲ್ಲಿಗೆ ಮುಗಿಯಿತು. ಘಟ್ಟದ ಮೇಲಿನ ಇತರರಲ್ಲೂ ಸೊಸೆಯ ಹೆಸರು ಅತ್ತೆಯ ಹೆಸರೋ ನಾದಿನಿಯ ಹೆಸರೋ ಆಗಿದ್ದರೆ ಬದಲಿಸುವುದಿತ್ತು. ಅಲ್ಲಿಂದ ಮುಂದೆ ಅವಳು ನೆಂಟರ ಬಾಯಲ್ಲಿ ಊರಿನ ಹೆಸರಾಗುತ್ತಿದ್ದಳು. ಸೋಂದೆ ದೊಡ್ಡಾಯಿ, ಮಂಚೀಕೇರಿ ಅತ್ತೆ, ಹುಲೇಕಲ್ ಅಮ್ಮಮ್ಮ. ಇದರಲ್ಲಿ ಪ್ರೀತಿಯಿದೆ, ಮರ್ಯಾದೆಯಿದೆ. ಆದರೆ ಆ ಅಮ್ಮಮ್ಮನ ಹೆಸರೇನೆಂದು ಮೊಮ್ಮಕ್ಕಳನ್ನು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುವ ಪರಿಸ್ಥಿತಿಯೂ ಇದೆ. ಅದು ಸಣ್ಣ ನಷ್ಟವಲ್ಲ.

ಹಳೆಯ ಮನೆಗಳಲ್ಲಿ ಹೆಂಗಸರ ಹೆಸರನ್ನು ಕಡ್ಡಾಯವಾಗಿ ಹೇಳುವ ಸಂದರ್ಭ ಒಂದಿತ್ತು. ಶ್ರಾದ್ಧ, ತರ್ಪಣಗಳಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯನ್ನು ಗೋತ್ರದೊಂದಿಗೆ ಹೆಸರು ಹಿಡಿದೇ ಕರೆಯಬೇಕು. ಹಾಗಾಗಿ ಪುರೋಹಿತರ ನೆನಪಿನಲ್ಲಿ, ಮನೆಯ ಹಳೆಯ ಪುಸ್ತಕದ ಕೊನೆಯ ಹಾಳೆಯಲ್ಲಿ ಮೂರು ತಲೆಮಾರಿನ ಹೆಸರು ಉಳಿಯುತ್ತಿತ್ತು. ನಾಲ್ಕನೆಯ ತಲೆಮಾರಿನವಳ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತಿತ್ತು.

ಚೆಂದದ ಹೆಸರಿಡುವ ಧೈರ್ಯ ಎಲ್ಲ ತಾಯಂದಿರಿಗೂ ಇರಲಿಲ್ಲ. ಹುಟ್ಟಿದ ಮಕ್ಕಳು ಕೈಗೆ ಹತ್ತದೆ ಹೋದ ಮನೆಗಳಲ್ಲಿ ಮುಂದಿನ ಮಗುವಿಗೆ ಬೇಕೆಂದೇ ಒರಟು ಹೆಸರಿಡುತ್ತಿದ್ದರು. ತಿಪ್ಪಮ್ಮ, ಹುಚ್ಚಮ್ಮ, ಗುಂಡಿ, ಕಲ್ಲಮ್ಮ. ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿ ತರುವ ಶಾಸ್ತ್ರ ಕರ್ನಾಟಕದ ಹಲವು ಕಡೆ ಇತ್ತು. ಕಸದಲ್ಲಿ ಸಿಕ್ಕಿದ್ದನ್ನು ಸಾವೂ ಕಣ್ಣೆತ್ತಿ ನೋಡುವುದಿಲ್ಲ ಎಂಬ ಆಸೆ. ಈ ಹೆಸರುಗಳನ್ನು ಇಂದು ಕೇಳಿ ನಗುವವರು ಅದರ ಹಿಂದಿನ ಹೆದರಿಕೆಯನ್ನು ನೆನೆಯಬೇಕು. ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳು ಮಲೇರಿಯಾಕ್ಕೆ ಕುಖ್ಯಾತವಾಗಿದ್ದವು. ಚಳಿಜ್ವರಕ್ಕೆ ಹೆದರಿ ಕೆಲಸದವರು ಬರುತ್ತಿರಲಿಲ್ಲ, ಊರುಗಳು ಬರಿದಾಗುತ್ತಿದ್ದವು, ಬಾಣಂತಿಯರೂ ಶಿಶುಗಳೂ ಮೊದಲು ಬಲಿಯಾಗುತ್ತಿದ್ದರು. 1946ರ ಹೊತ್ತಿಗೆ ಮುಂಬಯಿ ಪ್ರಾಂತದ ಸರ್ಕಾರ ಡಾ. ಡಿ.ಕೆ. ವಿಶ್ವನಾಥನ್ ಅವರ ಮುಂದಾಳತ್ವದಲ್ಲಿ ಕೆನರಾ (ಇಂದಿನ ಉತ್ತರ ಕನ್ನಡ) ಮತ್ತು ಧಾರವಾಡ ಜಿಲ್ಲೆಗಳಲ್ಲಿ ಮನೆ ಮನೆಗೆ ಡಿಡಿಟಿ ಸಿಂಪಡಿಸುವ ಕೆಲಸ ಕೈಗೆತ್ತಿಕೊಂಡಿತು. ಜ್ವರ ಇಳಿಯಿತು. ಮಗು ಬದುಕುತ್ತದೆ ಎಂಬ ಭರವಸೆ ಬಂದ ಮೇಲೆ ತಿಪ್ಪಮ್ಮ, ಹುಚ್ಚಮ್ಮರ ಹೆಸರು ಇಡುವವರು ಕಡಿಮೆಯಾದರು ಎಂದು ಊಹಿಸುವುದು ತಪ್ಪಾಗಲಾರದು. ಹೆಸರುಗಳ ಚರಿತ್ರೆಯಲ್ಲಿ ಸಿನಿಮಾಕ್ಕೆ ಕೊಡುವ ಜಾಗವನ್ನು ಈ ಸಿಂಪಡಣೆಗೂ ಕೊಡಬೇಕು.

ಮನೆಯೊಳಗೆ ಅಡಗಿದ್ದ ಹೆಸರುಗಳು ಸಾರ್ವಜನಿಕವಾಗಿ ಎದ್ದು ನಿಂತದ್ದು ಕರನಿರಾಕರಣೆಯ ಕಾಲದಲ್ಲಿ. 1930ರಿಂದ 1932ರವರೆಗೆ ಅಂಕೋಲಾ, ಸಿದ್ದಾಪುರಗಳ ರೈತರು ಕಂದಾಯ ಕೊಡಲು ನಿರಾಕರಿಸಿದಾಗ ಸರ್ಕಾರ ಆಸ್ತಿ ಜಪ್ತಿ ಮಾಡಿ ಹರಾಜು ಹಾಕಿತು. ಗಂಡಸರು ಜೈಲು ಸೇರಿದರು. 1932ರಲ್ಲಿ ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯಲ್ಲಿ ಹೆಂಗಸರು ಸತ್ಯಾಗ್ರಹಕ್ಕೆ ಕುಳಿತರು. ಜಪ್ತಿಯಾದ ಆಸ್ತಿ ಕೊಂಡವರ ಮನೆಯೆದುರು ಉಪವಾಸ. ತ್ಯಾಗಲಿಯ ಭುವನೇಶ್ವರಮ್ಮ, ಕಲ್ಲಾಳದ ಕಾವೇರಮ್ಮ, ಹಣಜಿಬೈಲಿನ ದುಗ್ಗಮ್ಮ ಮತ್ತು ಗಣಪಮ್ಮ, ಕುಳಿಬೀಡಿನ ಭಾಗೀರಥಮ್ಮ. ಜಿಲ್ಲೆಯ ಹೋರಾಟದ ಚರಿತ್ರೆಯಲ್ಲಿ ನಿಂತ ಹೆಸರುಗಳಿವು. ಮಾವಿನಗುಂಡಿಯಲ್ಲಿ ಆ ಸತ್ಯಾಗ್ರಹದ ಸ್ಮಾರಕವಿದೆ. ಈ ಐದೇ ಹೆಸರುಗಳಲ್ಲಿ ಸೀಮೆಯ ಹೆಸರಿಡುವ ಪದ್ಧತಿ ಪೂರ್ತಿ ಕಾಣುತ್ತದೆ: ಊರ ದೇವಿ ಒಬ್ಬಳು, ನದಿಗಳು ಎರಡು, ತದ್ಭವದ ದುರ್ಗೆ ಒಬ್ಬಳು, ಗಣಪತಿಯ ಹೆಣ್ಣುರೂಪ ಒಂದು. ಕೂಸು, ಸೊಸೆ, ಅತ್ತಿಗೆ ಎಂದು ಕರೆಸಿಕೊಂಡ ಹೆಂಗಸರು ಹೆಸರು ಹಿಡಿದು ಚರಿತ್ರೆಗೆ ಬಂದದ್ದು ಉಪವಾಸ ಕುಳಿತದ್ದರಿಂದ.

ಇಂಥ ಕಥೆ ಈ ಮಲೆನಾಡಿನದು ಮಾತ್ರವಲ್ಲ. ಸಮುದ್ರದಾಚೆಯ ಐರ್ಲೆಂಡಿನ ಹೆಣ್ಣುಹೆಸರುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಹೋಲಿಕೆಗಳು ಕಾಣುತ್ತವೆ. ಅಲ್ಲಿಯೂ ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರು, ಎರಡನೆಯವಳಿಗೆ ತಂದೆಯ ತಾಯಿಯ ಹೆಸರು ಇಡುವ ವಾಡಿಕೆಯಿತ್ತು. ಬ್ರೀಡ್ ಎಂಬುದು ಅಲ್ಲಿನ ಹಳೆಯ ದೇವಿಯೊಬ್ಬಳ ಹೆಸರು. ಕ್ರೈಸ್ತಧರ್ಮ ಬಂದ ಮೇಲೆ ಅದೇ ಹೆಸರಿನ ಸಂತಳೊಬ್ಬಳು ಪೂಜೆಗೆ ಸಂದಳು. ಅವಳ ಹಬ್ಬ ಫೆಬ್ರುವರಿ 1, ಅದಕ್ಕೆ 2023ರಿಂದ ಐರ್ಲೆಂಡಿನಲ್ಲಿ ಸಾರ್ವಜನಿಕ ರಜೆಯಿದೆ. ಏಸುವಿನ ತಾಯಿ ಮೇರಿಯ ಐರಿಷ್ ಹೆಸರು ಮ್ವಿರ. ಅದು ಅವಳಿಗೇ ಮೀಸಲು. ಹುಟ್ಟಿದ ಹುಡುಗಿಯರಿಗೆ ಅದನ್ನೇ ತುಸು ಬದಲಿಸಿ ಮಾಯ್ರ ಎಂದು ಇಡುತ್ತಿದ್ದರು. ದೊಡ್ಡವರ ಹೆಸರು ಹಿಡಿಯದೆ ಪುಟ್ಟಿ, ಅಮ್ಮಿ ಎಂದು ಕರೆದ ನಮ್ಮ ಸೊಸೆಯರಿಗೆ ಈ ಸಂಕೋಚ ಚೆನ್ನಾಗಿ ಅರ್ಥವಾಗುತ್ತಿತ್ತು.

16ನೇ ಶತಮಾನದಲ್ಲಿ ಐರ್ಲೆಂಡಿನ ಪಶ್ಚಿಮ ತೀರದಲ್ಲಿ ಹಡಗುಪಡೆ ಕಟ್ಟಿ ಇಂಗ್ಲಿಷರನ್ನು ಕಾಡಿದವಳು ಗ್ರಾನ್ಯ. 1593ರಲ್ಲಿ ಅವಳು ರಾಣಿ ಎಲಿಜಬೆತ್ತಳನ್ನು ಮುಖಾಮುಖಿ ಭೇಟಿಯಾದಳು. ಇಂಗ್ಲಿಷರು ಅವಳನ್ನು ಗ್ರೇಸ್ ಓ’ಮ್ಯಾಲಿ ಎಂದು ಮಾಡಿಕೊಂಡರು. ಸರಿಯಾಗಿ ಅದೇ ಕಾಲದಲ್ಲಿ, 1552ರಿಂದ 1606ರವರೆಗೆ, ಸಿದ್ದಾಪುರದ ಘಟ್ಟದ ಕೆಳಗಿನ ಗೇರುಸೊಪ್ಪೆಯಲ್ಲಿ ಚೆನ್ನಭೈರಾದೇವಿ ಆಳುತ್ತಿದ್ದಳು. ಘಟ್ಟದ ಮೆಣಸು ಅವಳ ರೇವುಗಳಿಂದ ಹಡಗು ಹತ್ತುತ್ತಿತ್ತು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದರು. ಅವಳ ಹೆಸರಿನಲ್ಲಿ ಚೆಲುವಿನ ಚೆನ್ನವೂ ಇದೆ, ಭೈರವನಿಂದ ಬಂದ ಭೈರಾದೇವಿಯೂ ಇದ್ದಾಳೆ. ಗಂಡುದೇವರನ್ನು ಹೆಣ್ಣಾಗಿಸುವ ಅದೇ ಹಳೆಯ ದಾರಿ. ಕೊನೆಗೆ ಕೆಳದಿಯವರ ಸೆರೆಯಲ್ಲಿ ತೀರಿಕೊಂಡ ಈ ಜೈನ ರಾಣಿಯ ಹೆಸರನ್ನು ಇಟ್ಟುಕೊಂಡ ಹುಡುಗಿಯರು ಇಂದು ಜಿಲ್ಲೆಯಲ್ಲಿ ಸಿಗುವುದು ಅಪರೂಪ. ಸಿಗಬೇಕಿತ್ತು.

ಐರ್ಲೆಂಡಿನಲ್ಲಿ ಹೆಸರು ಬದಲಾದದ್ದು ಪರಭಾಷೆಯ ದಫ್ತರಗಳಲ್ಲಿ. ಬೆಳಕು ಎಂಬ ಅರ್ಥದ ಸೊರಖ ಎಂಬ ಹೆಸರನ್ನು ಸಾರಾ ಎಂದು ಬರೆದರು. ಎರಡೂ ಹೆಸರುಗಳಿಗೆ ಅರ್ಥದಲ್ಲಿ ಸಂಬಂಧವೇ ಇರಲಿಲ್ಲ. ಉತ್ತರ ಕನ್ನಡದಲ್ಲೂ ದಫ್ತರ ತನ್ನ ಕೆಲಸ ಮಾಡಿದೆ. 1862ರಲ್ಲಿ ಜಿಲ್ಲೆ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿ, 1956ರ ತನಕ ಅಲ್ಲೇ ಉಳಿಯಿತು. 1883ರಲ್ಲಿ ಬಂದ ಮುಂಬಯಿ ಗೆಝೆಟಿಯರಿನ ಕೆನರಾ ಸಂಪುಟ ಒಂದೊಂದು ಜಾತಿಯ ವಿವರದಲ್ಲೂ ರೂಢಿಯ ಹೆಸರುಗಳನ್ನು ದಾಖಲಿಸುತ್ತ ಹೋಗುತ್ತದೆ. ಸಾಮಾನ್ಯ ಹೆಂಗಸರ ಹೆಸರುಗಳು ಅಚ್ಚಿಗೆ ಹೋದ ಕಾಲವದು. ಜಮೀನಿನ ಕಾಗದಪತ್ರಗಳಲ್ಲಿ ಹೆಂಗಸಿನ ಹೆಸರು ಬಂದರೆ ಅದರ ಬೆನ್ನಿಗೆ ‘ಕೋಂ’ ಎಂದು ಬರೆದು ಗಂಡನ ಹೆಸರು. ಗಂಗೆ ಕೋಂ ರಾಮ ಹೆಗಡೆ. ಗಂಡಸಿಗಾದರೆ ‘ಬಿನ್’ ಎಂದು ತಂದೆಯ ಹೆಸರು.

ಶಾಲೆಗಳು ಬಂದ ಮೇಲೆ ಹೆಸರುಗಳಿಗೆ ತಿದ್ದುಪಡಿ ಶುರುವಾಯಿತು. ಮನೆಯಲ್ಲಿ ದುಗ್ಗಿಯಾಗಿದ್ದವಳು ದಾಖಲೆಯಲ್ಲಿ ದುರ್ಗಾ, ಮಾದೇವಿ ಮಹಾದೇವಿ, ಲಚ್ಚಿ ಲಕ್ಷ್ಮೀ. ಮುಂಬಯಿಯ ಗಾಳಿ, ಮರಾಠಿ ಓದು, ಕಾಂಗ್ರೆಸ್ ಚಳವಳಿ ಎಲ್ಲ ಸೇರಿ ಸುಶೀಲಾ, ವಿಮಲಾ, ಶಾರದಾ, ಸುಮತಿ, ಮಾಲತಿ, ಲೀಲಾ ಎಂಬ ಹೆಸರುಗಳು ತೋಟದ ಮನೆಗಳಿಗೆ ಬಂದವು. ಯಕ್ಷಗಾನದ ಪಾಲೂ ದೊಡ್ಡದು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟುವ ಮೊದಲೂ ಆಮೇಲೂ ಈ ಜಿಲ್ಲೆಯ ಜನ ರಾತ್ರಿಯಿಡೀ ಕೂತು ಆಟ ನೋಡಿದವರು. ದಮಯಂತಿ, ಚಂದ್ರಮತಿ, ಸುಭದ್ರೆ, ರುಕ್ಮಿಣಿ ರಂಗಸ್ಥಳದಿಂದ ನೇರವಾಗಿ ತೊಟ್ಟಿಲಿಗೆ ಇಳಿದರು. ಆ ಪಾತ್ರಗಳನ್ನು ಮಾಡುತ್ತಿದ್ದವರೆಲ್ಲ ಗಂಡಸರು. ಕೈಕೇಯಿ ಎಷ್ಟೇ ದೊಡ್ಡ ಪಾತ್ರವಾದರೂ ಯಾರ ಮನೆಯ ತೊಟ್ಟಿಲಿಗೂ ಬರಲಿಲ್ಲ. 1960ರ ದಶಕದಿಂದಾಚೆ ಕಾದಂಬರಿ, ವಾರಪತ್ರಿಕೆ, ಸಿನಿಮಾಗಳು ಉಷಾ, ಆಶಾ, ಸುಮಾ, ಗೀತಾ, ಲತಾಗಳನ್ನು ತಂದವು. ಹೆಸರು ಎರಡಕ್ಷರಕ್ಕೆ ಇಳಿಯಿತು. ಬೆಸಸಂಖ್ಯೆಯ ಅಕ್ಷರ ಬೇಕೆಂದ ಗೃಹ್ಯಸೂತ್ರವನ್ನು ಈ ಬಾರಿಯೂ ಯಾರೂ ಕೇಳಲಿಲ್ಲ.

ಇಷ್ಟು ಹೇಳಿದರೆ ತೋಟದ ಮನೆಗಳ ಮಾತಷ್ಟೇ ಆಯಿತು. ಯಲ್ಲಾಪುರದ ಕಾಡಿನಂಚಿನ ಸಿದ್ದಿಯರ ಪೂರ್ವಿಕರು ಆಫ್ರಿಕದಿಂದ ಬಂದವರು. ಗುಲಾಮಗಿರಿ ಅವರಿಂದ ಕಿತ್ತುಕೊಂಡದ್ದರಲ್ಲಿ ಹೆಸರುಗಳೂ ಸೇರಿವೆ. ಒಂದೇ ಸಮುದಾಯದಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮನೆಗಳಿವೆ, ಹಾಗಾಗಿ ಮೂರು ಧರ್ಮಗಳ ಹೆಣ್ಣುಹೆಸರುಗಳೂ ಇವೆ. ಹೆಸರು ಯಾವುದೇ ಇರಲಿ, ಅದರ ಮುಂದೆ ಸಿದ್ದಿ ಎಂದು ಸೇರಿಸಿಕೊಳ್ಳುವುದರಲ್ಲಿ ಕಳೆದ ತಲೆಮಾರು ಹೆಮ್ಮೆ ಕಂಡುಕೊಂಡಿದೆ. ರಂಗನಟಿ ಗಿರಿಜಾ ಸಿದ್ದಿಯ ಹೆಸರಿನಲ್ಲಿ ಹಿಮವಂತನ ಮಗಳೂ ಆಫ್ರಿಕದ ನೆನಪೂ ಜೊತೆಗಿವೆ.

ಯಲ್ಲಾಪುರದಿಂದ ಘಟ್ಟ ಇಳಿದರೆ ಅಂಕೋಲಾ, ಹಾಲಕ್ಕಿ ಒಕ್ಕಲಿಗರ ನಾಡು. ಅವರಲ್ಲಿ ಹುಟ್ಟಿದ ವಾರವೇ ಹೆಸರಾಗುವ ರೂಢಿಯಿತ್ತು. ಸೋಮವಾರ ಹುಟ್ಟಿದವಳು ಸೋಮಿ, ಶುಕ್ರವಾರದವಳು ಸುಕ್ರಿ. ಪಂಚಾಂಗವೂ ಬೇಡ, ಪುರೋಹಿತರೂ ಬೇಡ. ಮಾಸ್ತರರ ಕೈಗೆ ಸಿಕ್ಕಿದ್ದರೆ ಸುಕ್ರಿ ಎಂಬುದು ಶುಕ್ರವ್ವನೋ ಶುಭಾಂಗಿಯೋ ಆಗಿಬಿಡುತ್ತಿತ್ತೇನೋ. ನೂರಾರು ಹಾಡುಗಳನ್ನು ಎದೆಯಲ್ಲಿ ಹೊತ್ತು, ಸಾರಾಯಿಯ ವಿರುದ್ಧ ಹೋರಾಡಿದ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಅವರು 2017ರಲ್ಲಿ ಪದ್ಮಶ್ರೀ ಪಡೆದರು. 2021ರ ನವೆಂಬರಿನಲ್ಲಿ ಹೊನ್ನಳ್ಳಿಯ ತುಳಸಿ ಗೌಡ ಅವರು ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ನಡೆದು ಬಂದು ಅದೇ ಪ್ರಶಸ್ತಿ ಸ್ವೀಕರಿಸಿದರು. ಗಿಡದ ಹೆಸರಿನ ಹೆಣ್ಣು ಬದುಕಿಡೀ ಗಿಡ ಬೆಳೆಸಿದರು. 2024ರ ಡಿಸೆಂಬರಿನಲ್ಲಿ ತುಳಸಿಯವರೂ, 2025ರ ಫೆಬ್ರುವರಿಯಲ್ಲಿ ಸುಕ್ರಜ್ಜಿಯೂ ತೀರಿಕೊಂಡರು.

ಈಗಿನ ತಂದೆತಾಯಿಗಳು ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತು ನಕ್ಷತ್ರದ ಅಕ್ಷರಕ್ಕೆ ಹೊಂದುವ ಹೆಸರನ್ನು ಮೊಬೈಲಿನಲ್ಲಿ ಹುಡುಕುತ್ತಾರೆ. ಸಾನ್ವಿ, ಆದ್ಯಾ, ಅನ್ವಿತಾ ಎಂಬ ಹೆಸರುಗಳು ಶಿರಸಿಯ ಶಾಲೆಯಲ್ಲೂ ಸಿಗುತ್ತವೆ, ಬೋಸ್ಟನ್ನಿನ ಕನ್ನಡ ಮನೆಯಲ್ಲೂ ಸಿಗುತ್ತವೆ. ಹೆಸರು ಕೇಳಿ ಯಾವ ಸೀಮೆಯ ಕೂಸು ಎಂದು ಹೇಳುವ ಕಾಲ ಹೋಯಿತು. ಹಳೆಯ ಹೆಸರುಗಳಲ್ಲಿ ಕೆಲವು ಮರಳಿವೆ: ಗೌರಿ, ಜಾನಕಿ, ವೈದೇಹಿ. ಹಿಂದಿನವರು ಮಗಳಿಗೆ ಇಡಲು ಮರೆತ ಮನೆ ಹಿಂದಿನ ಹೊಳೆಯ ಹೆಸರನ್ನೂ, ವರದಾ ಎಂದು, ಮೊಮ್ಮಕ್ಕಳ ಕಾಲದವರು ಆರಿಸುತ್ತಿದ್ದಾರೆ. ಗಣಪಿ, ದುಗ್ಗಿ, ಗುತ್ಯಮ್ಮ ಇನ್ನೂ ಬಂದಿಲ್ಲ.